ಕಳವಾದ ಕೋವಿಯನ್ನು ಪೊಲೀಸರ ಮೂಲಕ ಮರಳಿ ಪಡೆಯುವುದು: ಕಾಸರಗೋಡಿನ ಪರವಾನಗಿದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ದೇಲಂಪಾಡಿ ಮುಂತಾದ ಪಂಚಾಯತುಗಳ ಅಡಿಕೆ ಕೃಷಿಕರ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದು ಇರಿಸಿಕೊಂಡ ಕೋವಿಗಳು ಇಂದಿಗೂ ಇವೆ. ಅವುಗಳಲ್ಲಿ ಹಲವು ಅಜ್ಜನ ಕಾಲದ ಕೇಪಿನ ಕೋವಿಗಳು, ಅಂದರೆ ನಳಿಗೆಯ ಬಾಯಿಯಿಂದ ಮದ್ದು ತುಂಬಿ ಕೇಪು ಸಿಡಿಸಿ ಹಾರಿಸುವಂಥವು. ಉಳಿದವು ತೋಟೆ (ಕಾರ್ಟ್ರಿಜ್) ಹಾಕುವ ಒಂಟಿ ನಳಿಗೆ ಅಥವಾ ಜೋಡಿ ನಳಿಗೆಯವು. ಮನೆಯಿಂದ ಚಿನ್ನ ಕಳವಾದರೆ ನಷ್ಟ ಮನೆಯವರದ್ದು; ಕೋವಿ ಕಳವಾದರೆ ಅದು ಈಗ ಯಾರ ಕೈಯಲ್ಲಿದೆ ಎಂಬ ಭಯ ಇಡೀ ಊರಿನದ್ದಾಗುತ್ತದೆ. ಆದರೂ ಠಾಣೆಗೆ ಹೋದರೆ ತಮ್ಮ ಮೇಲೆಯೇ ಕೇಸು ಬೀಳುವುದೆಂದು ಹೆದರಿ ದಿನ ಕಳೆಯುವವರಿದ್ದಾರೆ. ಕೋವಿ ಮರಳಿ ಸಿಗುವ ಸಾಧ್ಯತೆ ಕಡಮೆಯಾಗುವುದು ಮುಖ್ಯವಾಗಿ ಈ ವಿಳಂಬದಿಂದ, ಮತ್ತು ಮೊದಲ ದಿನ ಬರೆಸಿದ ಹೇಳಿಕೆಯಲ್ಲಿ ಕೋವಿಯ ಗುರುತು ಸರಿಯಾಗಿ ದಾಖಲಾಗದೆ ಹೋಗುವುದರಿಂದ. ಮುಂದಿನ ಉತ್ತರಗಳನ್ನು ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆಯಲಾಗಿದೆ.

ಕೋವಿ ಇಟ್ಟ ಜಾಗದಲ್ಲಿ ಇಲ್ಲವೆಂದು ತಿಳಿದ ಕೂಡಲೇ ಏನು ಮಾಡಬೇಕು?

ಮೊದಲು, ಮನೆಯವರು ಯಾರಾದರೂ ಜಾಗ ಬದಲಿಸಿದ್ದಾರೆಯೇ, ದುರಸ್ತಿಗೆ ಕೊಂಡೊಯ್ದಿದ್ದಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಇದಕ್ಕೆ ಕೆಲವು ನಿಮಿಷಗಳು ಸಾಕು. ಇಡೀ ದಿನ ಹುಡುಕಿ ಮರುದಿನ ನೋಡೋಣ ಎನ್ನುವುದು ಸರಿಯಲ್ಲ. ಬೀಗ ಒಡೆದ ಕಪಾಟು, ಕಿಟಕಿಯ ಸರಳು, ಜಾರಿಸಿದ ಹಂಚು ಯಾವುದನ್ನೂ ಮುಟ್ಟಬಾರದು, ಗುಡಿಸಬಾರದು. ಬೆರಳಚ್ಚು ಸಿಗುವುದಾದರೆ ಅಲ್ಲಿಯೇ ಸಿಗಬೇಕು. ಬಳಿಕ ಸಮೀಪದ ಠಾಣೆಗೆ, ಅಥವಾ ರಾತ್ರಿಯಾಗಿದ್ದರೆ 112ಕ್ಕೆ ಕರೆ ಮಾಡಿ ವಿಷಯ ತಿಳಿಸಬೇಕು. ಕೋವಿ ಅಥವಾ ತೋಟೆ ಕಳವಾದರೆ ಹತ್ತಿರದ ಠಾಣೆಗೆ ಒಡನೆಯೇ ಮಾಹಿತಿ ಕೊಡಬೇಕೆಂಬುದು ಪರವಾನಗಿಯ ಷರತ್ತುಗಳಲ್ಲೇ ಇದೆ. ಆದುದರಿಂದ ಹೇಳುವುದೋ ಬಿಡುವುದೋ ಎಂಬ ಆಯ್ಕೆ ಪರವಾನಗಿದಾರನಿಗೆ ಇಲ್ಲ.

ನಮ್ಮ ಮನೆ ಕರ್ನಾಟಕದ ಗಡಿಗೆ ತಾಗಿಕೊಂಡಿದೆ. ಯಾವ ಠಾಣೆಗೆ ಹೋಗಬೇಕು?

ಕಳವು ನಡೆದ ಸ್ಥಳ ಯಾವ ಠಾಣೆಯ ವ್ಯಾಪ್ತಿಯಲ್ಲಿದೆಯೋ ತನಿಖೆ ಆ ಠಾಣೆಯದ್ದು: ಮಂಜೇಶ್ವರ, ಕುಂಬಳೆ, ಬದಿಯಡ್ಕ, ಆದೂರು ಹೀಗೆ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಲ್ಲಿಯೂ ಮಾಹಿತಿ ಕೊಡಬಹುದು. ಅಲ್ಲಿ ದಾಖಲಾದ ಜೀರೋ ಎಫ್‌ಐಆರ್ ಅನ್ನು ಸಂಬಂಧಪಟ್ಟ ಠಾಣೆಗೆ ಕಳುಹಿಸಿಕೊಡಲಾಗುತ್ತದೆ. ನೀವು ಪುತ್ತೂರಿನಲ್ಲೋ ವಿಟ್ಲದಲ್ಲೋ ಇರುವಾಗ ಮನೆಯಿಂದ ಸುದ್ದಿ ಬಂದರೆ ಇದು ಉಪಯೋಗಕ್ಕೆ ಬರುತ್ತದೆ. ವಿದ್ಯುನ್ಮಾನ ಮಾರ್ಗದಲ್ಲಿ ತಿಳಿಸಿದರೆ ಮೂರು ದಿನಗಳೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಸಾಧ್ಯವಿದ್ದರೆ ನೇರವಾಗಿ ಸ್ವಂತ ಠಾಣೆಗೆ ಹೋಗುವುದೇ ಲೇಸು, ಏಕೆಂದರೆ ಸ್ಥಳ ಮಹಜರಿಗೆ ಬರಬೇಕಾದವರು ಅಲ್ಲಿಯವರೇ.

ಹೇಳಿಕೆಯಲ್ಲಿ ಏನೇನು ಬರೆಸಬೇಕು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ತಿಂಗಳುಗಳ ಬಳಿಕ ಬೇರೊಂದು ಜಿಲ್ಲೆಯಲ್ಲಿ ಒಂದು ಕೋವಿ ಸಿಕ್ಕಾಗ, ಅದು ನಿಮ್ಮದೇ ಎಂದು ಹೇಳುವುದು ನಿಮ್ಮ ನೆನಪಲ್ಲ, ಅಂದು ಬರೆಸಿದ ಅಂಕೆಗಳು. ಕೋವಿಯ ಸಂಖ್ಯೆ, ತಯಾರಕರ ಹೆಸರು, ಒಂಟಿ ನಳಿಗೆಯೋ ಜೋಡಿ ನಳಿಗೆಯೋ, ಕೇಪಿನದ್ದೋ ತೋಟೆಯದ್ದೋ, ಎಷ್ಟು ಬೋರ್ (ನಳಿಗೆಯ ಒಳಅಳತೆ), ಪರವಾನಗಿ ಸಂಖ್ಯೆ, ರಾಷ್ಟ್ರೀಯ ಶಸ್ತ್ರ ಪರವಾನಗಿ ದತ್ತಾಂಶದಲ್ಲಿ ನಿಮಗೆ ಕೊಡಲಾದ ಯುಐಎನ್ ಎಂಬ ವಿಶಿಷ್ಟ ಗುರುತಿನ ಸಂಖ್ಯೆ, ಇವೆಲ್ಲವೂ ಹೇಳಿಕೆಯಲ್ಲಿ ಬರಬೇಕು. ಪರವಾನಗಿ ಪುಸ್ತಕವನ್ನು ನೋಡಿಯೇ ಬರೆಸಬೇಕು; ಬಾಯಿಪಾಠದಿಂದ ಹೇಳಿದ ಸಂಖ್ಯೆಯಲ್ಲಿ ಒಂದಂಕೆ ತಪ್ಪಿದರೂ ದತ್ತಾಂಶದಲ್ಲಿ ಅದು ಬೇರೆಯವರ ಕೋವಿಯಾಗುತ್ತದೆ. ಪುಸ್ತಕವೂ ಕೋವಿಯೊಂದಿಗೆ ಕಳವಾಗಿದ್ದರೆ ಕಲೆಕ್ಟರೇಟಿನ ಕಡತದಲ್ಲಿ ವಿವರಗಳಿರುತ್ತವೆ, ಅಲ್ಲಿಂದ ಪಡೆದು ಪೂರಕ ಹೇಳಿಕೆ ಕೊಡಬಹುದು. ಆದರೆ ಅದಕ್ಕಾಗಿ ದೂರನ್ನೇ ತಡಮಾಡಬಾರದು.

ಹಳೆಯ ಕೇಪಿನ ಕೋವಿಗಳ ವಿಚಾರದಲ್ಲಿ ಇನ್ನಷ್ಟು ಎಚ್ಚರ ಬೇಕು. ಅವುಗಳ ಅಂಕೆಗಳು ಕೆಲವೊಮ್ಮೆ ಸವೆದಿರುತ್ತವೆ, ತಯಾರಕರ ಹೆಸರೇ ಇಲ್ಲದಿರುವುದೂ ಉಂಟು. ಹಿಡಿಯ ಮರ ಯಾವುದು, ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಹಿತ್ತಾಳೆಯ ತಗಡು ಹೊಡೆಸಿದ್ದೀರಿ, ಕುದುರೆ (ಕೇಪಿಗೆ ಬಡಿಯುವ ಭಾಗ) ಬದಲಿಸಿದ್ದುಂಟೇ, ಹೆಗಲಿಗೆ ಹಾಕುವ ಬಾರಿನ ಪಟ್ಟಿ ಎಂತಹದ್ದು ಎಂಬಂಥ ವಿವರಗಳು ಇಲ್ಲಿ ಸಂಖ್ಯೆಯಷ್ಟೇ ಬೆಲೆಬಾಳುತ್ತವೆ. ಹಳೆಯ ಫೋಟೊ ಇದ್ದರೆ ಕೊಡಬೇಕು. ಕಳವಾದ ತೋಟೆಗಳ ಸಂಖ್ಯೆ, ಮದ್ದು, ಕೇಪು ಇವನ್ನೂ ಬಿಡದೆ ಬರೆಸಬೇಕು. ಕೋವಿಯನ್ನು ಕೊನೆಯ ಬಾರಿ ಕಂಡದ್ದು ಯಾವಾಗ ಎಂಬುದನ್ನು ಇದ್ದಂತೆಯೇ ಹೇಳಬೇಕು. ಎರಡು ತಿಂಗಳಿನಿಂದ ಕಪಾಟು ತೆರೆದಿಲ್ಲವಾದರೆ ಹಾಗೆಯೇ ಹೇಳಿ. ಮುಜುಗರಕ್ಕೆ ಹೆದರಿ ನಿನ್ನೆ ಕಳವಾಯಿತೆಂದು ಬರೆಸಿದರೆ, ಹದಿನೈದು ದಿನದ ಹಿಂದೆಯೇ ಕೋವಿಯನ್ನು ಕೊಂಡವನು ಸಿಕ್ಕಿದಾಗ ನಿಮ್ಮ ಮಾತಿಗೂ ಅವನ ಮಾತಿಗೂ ತಾಳೆಯಾಗದೆ ಪ್ರಕರಣವೇ ದುರ್ಬಲವಾಗುತ್ತದೆ.

ಠಾಣೆಯಲ್ಲಿ ಮಲಯಾಳದಲ್ಲಿ ಬರೆದುಕೊಳ್ಳುತ್ತಾರೆ. ನನಗೆ ಓದಲು ಬರುವುದಿಲ್ಲ. ಸಹಿ ಹಾಕಬಹುದೇ?

ಓದಿ ಹೇಳಿಸಿಕೊಳ್ಳದೆ ಸಹಿ ಹಾಕಬಾರದು. ಬಾಯಿಮಾತಿನ ಮಾಹಿತಿಯನ್ನು ಬರೆದುಕೊಂಡ ಬಳಿಕ ಮಾಹಿತಿ ಕೊಟ್ಟವರಿಗೆ ಓದಿ ಹೇಳಬೇಕೆಂದು ಕಾನೂನೇ ಹೇಳುತ್ತದೆ. ನಮ್ಮ ಭಾಗದ ಠಾಣೆಗಳಲ್ಲಿ ಕನ್ನಡವೋ ತುಳುವೋ ಬಲ್ಲ ಸಿಬ್ಬಂದಿ ಸಾಮಾನ್ಯವಾಗಿ ಇರುತ್ತಾರೆ. ಅವರಿಂದ ಸಾಲು ಸಾಲಾಗಿ ಅರ್ಥ ಹೇಳಿಸಿಕೊಂಡು, ವಿಶೇಷವಾಗಿ ಸಂಖ್ಯೆಗಳನ್ನು ನೀವೇ ಕಣ್ಣಿನಿಂದ ನೋಡಿ ತಾಳೆ ಮಾಡಬೇಕು.

ಇದಕ್ಕಿಂತ ಉತ್ತಮವಾದ ದಾರಿಯೆಂದರೆ ದೂರನ್ನು ಮನೆಯಲ್ಲೇ ಕನ್ನಡದಲ್ಲಿ ಬರೆದು ಎರಡು ಪ್ರತಿ ಕೊಂಡೊಯ್ಯುವುದು. 1969ರ ಕೇರಳ ಅಧಿಕೃತ ಭಾಷೆಗಳ ಕಾಯಿದೆಯು, ಭಾಷಾ ಅಲ್ಪಸಂಖ್ಯಾತ ಪ್ರದೇಶವೆಂದು ಘೋಷಿಸಲಾದ ಕಡೆಗಳ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕನ್ನು ಇಲ್ಲಿನ ಕನ್ನಡಿಗರಿಗೆ ಕೊಟ್ಟಿದೆ. ಇದು ಯಾರೋ ಮಾಡುವ ಉಪಕಾರವಲ್ಲ. ಬಳಸದೆ ಬಿಟ್ಟಷ್ಟೂ ಈ ಹಕ್ಕು ಕಾಗದದಲ್ಲೇ ಉಳಿಯುತ್ತದೆ ಎಂಬ ಕಳಕಳಿಯಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ನಿಮ್ಮ ಪ್ರತಿಯ ಮೇಲೆ ದಿನಾಂಕ ಮತ್ತು ಠಾಣೆಯ ಮೊಹರು ಹಾಕಿಸಿಕೊಳ್ಳಿ. ಎಫ್‌ಐಆರ್‌ನ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಕೇರಳ ಪೊಲೀಸರ ತುಣ ಜಾಲತಾಣ ಮತ್ತು ಪೋಲ್ ಆಪ್ ಮೂಲಕವೂ ಅದನ್ನು ಪಡೆಯಬಹುದು.

ದೂರು ದಾಖಲಿಸಲು ಒಪ್ಪದಿದ್ದರೆ?

ದೂರಿನ ಸಾರಾಂಶವನ್ನು ಬರೆದು ಅಂಚೆಯ ಮೂಲಕ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳುಹಿಸಬಹುದು. ಅದರಿಂದಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಕೋವಿ ಕಳವಿನ ದೂರನ್ನು ಯಾವ ಠಾಣೆಯೂ ಹಗುರವಾಗಿ ಕಾಣುವುದಿಲ್ಲವಾದ್ದರಿಂದ ಇಲ್ಲಿಯವರೆಗೆ ಹೋಗಬೇಕಾದ ಸಂದರ್ಭ ಅಪರೂಪ. ಹೆಚ್ಚಾಗಿ ಎದುರಾಗುವುದು ಎಫ್‌ಐಆರ್ ಬದಲಿಗೆ ಬರಿಯ ದೂರು ರಶೀದಿ ಕೊಟ್ಟು ಕಳುಹಿಸುವುದು. ರಶೀದಿ ಸಾಲದು, ಎಫ್‌ಐಆರ್ ಸಂಖ್ಯೆಯೇ ಬೇಕು.

ಪೊಲೀಸರಿಗೆ ಹೇಳಿದರೆ ಸಾಕೇ, ಬೇರೆ ಕಚೇರಿಗೂ ತಿಳಿಸಬೇಕೇ?

ಪರವಾನಗಿ ಕೊಟ್ಟ ಅಧಿಕಾರಿಗೂ ಬರೆದು ತಿಳಿಸಬೇಕು. ನಮ್ಮ ಜಿಲ್ಲೆಯಲ್ಲಿ ಈ ಕಡತಗಳು ವಿದ್ಯಾನಗರದ ಕಲೆಕ್ಟರೇಟಿನಲ್ಲಿ, ಎಡಿಎಂ ಅಂದರೆ ಹೆಚ್ಚುವರಿ ಜಿಲ್ಲಾ ದಂಡಾಧಿಕಾರಿಯವರ ಕಚೇರಿಯಲ್ಲಿರುತ್ತವೆ. ಎಫ್‌ಐಆರ್ ಪ್ರತಿ ಲಗತ್ತಿಸಿದ ಒಂದು ಪುಟದ ಪತ್ರ ಸಾಕು. ಮುಂದೆ ನವೀಕರಣದ ಸಮಯದಲ್ಲಿ ಕೋವಿ ಹಾಜರುಪಡಿಸಲು ಹೇಳಿದಾಗ ಈ ಪತ್ರವೇ ನಿಮ್ಮ ಉತ್ತರವಾಗುತ್ತದೆ.

ಪರವಾನಗಿ ತಂದೆಯವರ ಹೆಸರಿನಲ್ಲಿತ್ತು. ಅವರು ತೀರಿಕೊಂಡ ಮೇಲೆ ಕೋವಿ ಮನೆಯಲ್ಲೇ ಇತ್ತು, ಈಗ ಕಳವಾಗಿದೆ. ದೂರು ಕೊಟ್ಟರೆ ನಾವೇ ಸಿಕ್ಕಿಬೀಳುವುದಿಲ್ಲವೇ?

ಈ ಭಯಕ್ಕೆ ಆಧಾರವಿಲ್ಲವೆಂದು ಹೇಳಲಾಗದು. 1959ರ ಶಸ್ತ್ರಾಸ್ತ್ರ ಕಾಯಿದೆಯ 3ನೆಯ ಕಲಮಿನಂತೆ ಪರವಾನಗಿಯಿಲ್ಲದೆ ಕೋವಿಯನ್ನು ಇಟ್ಟುಕೊಳ್ಳುವಂತಿಲ್ಲ. ಪರವಾನಗಿದಾರರು ತೀರಿಕೊಂಡ ಬಳಿಕ ಕೋವಿಯನ್ನು ಠಾಣೆಯಲ್ಲಿಯೋ ಪರವಾನಗಿ ಪಡೆದ ಶಸ್ತ್ರ ವ್ಯಾಪಾರಿಯ ಬಳಿಯೋ ಠೇವಣಿ ಇಟ್ಟು, ವಾರಸುದಾರರು ತಮ್ಮ ಹೆಸರಿನಲ್ಲಿ ಪರವಾನಗಿಗೆ ಅರ್ಜಿ ಹಾಕಬೇಕಿತ್ತು. 2016ರ ಶಸ್ತ್ರಾಸ್ತ್ರ ನಿಯಮಗಳು ವಾರಸುದಾರರಿಗೆ ಪರವಾನಗಿ ಕೊಡುವುದಕ್ಕೆ ಪ್ರತ್ಯೇಕ ಅವಕಾಶವನ್ನೇ ಇರಿಸಿವೆ. ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ 25 ವರ್ಷ ಅವರ ಬಳಿ ಇದ್ದಾಗ, ಅವರು ಬದುಕಿರುವಾಗಲೇ ವಾರಸುದಾರರಿಗೆ ವರ್ಗಾಯಿಸಲೂ ದಾರಿಯಿದೆ.

ಹಾಗೆಂದು ಸುಮ್ಮನಿರುವುದು ಪರಿಹಾರವಲ್ಲ. ಕೋವಿ ಇಂದಲ್ಲ ನಾಳೆ ಎಲ್ಲಿಯಾದರೂ ಸಿಕ್ಕಿದರೆ ಅದರ ಸಂಖ್ಯೆ ಪೊಲೀಸರನ್ನು ನೇರವಾಗಿ ನಿಮ್ಮ ತಂದೆಯವರ ಹೆಸರಿಗೆ, ಅಲ್ಲಿಂದ ನಿಮ್ಮ ಮನೆಗೆ ಕರೆತರುತ್ತದೆ. ಆಗ ಕಳವಾಗಿತ್ತೆಂದು ಹೇಳಿದರೆ ನಂಬುವವರಿರುವುದಿಲ್ಲ. ನೀವೇ ಮಾರಿದಿರೆಂಬ ಶಂಕೆ ಬರುತ್ತದೆ, ಮತ್ತು ಪರವಾನಗಿಯಿಲ್ಲದ ಮಾರಾಟ ಬಹಳ ದೊಡ್ಡ ಅಪರಾಧ. ಅದೇ ದಿನ ಒಬ್ಬ ವಕೀಲರನ್ನು ಕಂಡು, ಸಾಧ್ಯವಾದರೆ ಅವರ ಜೊತೆಯಲ್ಲೇ ಹೋಗಿ, ಮರಣ ಪ್ರಮಾಣಪತ್ರ ಮತ್ತು ಹಳೆಯ ಪರವಾನಗಿಯನ್ನು ತೋರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ವಕೀಲರಿಗೆ ಕೊಡಲು ಹಣವಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಬಹುದು; ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ. ಪರವಾನಗಿಯ ನವೀಕರಣ ತಪ್ಪಿಹೋಗಿದ್ದವರಿಗೂ ಸಲಹೆ ಇದೇ.

ಯಾರು ಕದ್ದಿರಬಹುದೆಂದು ನನಗೆ ಅನುಮಾನವಿದೆ. ಮೊದಲು ನಾನೇ ಹೋಗಿ ಕೇಳಬಹುದೇ?

ಬೇಡ. ಅನುಮಾನ ನಿಜವಾಗಿದ್ದರೆ ಅವನ ಕೈಯಲ್ಲಿ ತೋಟೆ ತುಂಬಿದ ಕೋವಿಯಿದೆ. ಸುಳ್ಳಾಗಿದ್ದರೆ ತೋಟದಲ್ಲಿ ದುಡಿದ ಒಬ್ಬ ನಿರಪರಾಧಿಯ ಮಾನ ಹೋಗುತ್ತದೆ. ಅನುಮಾನಕ್ಕೆ ಕಾರಣಗಳೇನೆಂದು ತನಿಖಾಧಿಕಾರಿಗೆ ಮಾತ್ರ ತಿಳಿಸಿ. ಮನೆಯ ಹುಡುಗನೋ ಸಂಬಂಧಿಕನೋ ಬೇಟೆಗೆ ಕೊಂಡೊಯ್ದಿರಬಹುದೆಂಬ ಶಂಕೆ ಇದ್ದಾಗ ಹಿರಿಯರು ಅದನ್ನು ಪಂಚಾತಿಕೆಯಲ್ಲಿ ಮುಗಿಸಲು ನೋಡುತ್ತಾರೆ. ವಿಷಯ ಕೋವಿಯದ್ದಾದಾಗ ಅದಕ್ಕೆ ಒಪ್ಪಬಾರದು. ಅದೇ ಕೋವಿಯಿಂದ ಒಂದು ಜೀವ ಹೋದರೆ ಪಂಚಾತಿಕೆ ಮಾಡಿದವರು ಯಾರೂ ಹೊಣೆ ಹೊರಲಾರರು.

ಪೊಲೀಸರು ಏನು ಮಾಡುತ್ತಾರೆ? ತನಿಖೆಯ ಸ್ಥಿತಿ ತಿಳಿಯುವುದು ಹೇಗೆ?

ಸ್ಥಳ ಮಹಜರು, ಬೆರಳಚ್ಚು, ಸುತ್ತಲಿನ ಕ್ಯಾಮೆರಾ ಮತ್ತು ಫೋನ್ ಕರೆಗಳ ಪರಿಶೀಲನೆ ನಡೆಯುತ್ತದೆ. ಪ್ರಕರಣವು ಸಿಸಿಟಿಎನ್‌ಎಸ್ ಎಂಬ ದೇಶವ್ಯಾಪಿ ಜಾಲದಲ್ಲಿ ದಾಖಲಾಗುವುದರಿಂದ ಬೇರೆ ರಾಜ್ಯದ ಠಾಣೆಗಳೂ ಅದನ್ನು ನೋಡಲು ಸಾಧ್ಯವಾಗುತ್ತದೆ. ನಮ್ಮ ಜಿಲ್ಲೆಯ ಪೂರ್ವದ ಗಡಿ ದಕ್ಷಿಣ ಕನ್ನಡ ಮತ್ತು ಕೊಡಗಿನೊಂದಿಗೆ ಸೇರಿಕೊಂಡಿದೆ, ಕಾಡಿನ ದಾರಿಗಳು ಹಲವಿವೆ. ಆದ್ದರಿಂದ ಆ ಕಡೆಯ ಠಾಣೆಗಳಿಗೆ ಪ್ರತ್ಯೇಕವಾಗಿ ಮಾಹಿತಿ ಹೋಗಿದೆಯೇ ಎಂದು ತನಿಖಾಧಿಕಾರಿಯನ್ನು ಕೇಳುವುದರಲ್ಲಿ ತಪ್ಪಿಲ್ಲ. ತನಿಖೆಯ ಪ್ರಗತಿಯನ್ನು 90 ದಿನಗಳೊಳಗೆ ದೂರುದಾರರಿಗೆ ತಿಳಿಸಬೇಕೆಂದು ಹೊಸ ಸಂಹಿತೆಯ 193ನೆಯ ಕಲಮು ಹೇಳುತ್ತದೆ. ತಿಳಿಸದಿದ್ದರೆ ಎಫ್‌ಐಆರ್ ಸಂಖ್ಯೆ ನಮೂದಿಸಿ ಬರೆದು ಕೇಳಿ.

ತೋಟದ ಬದಿಯಲ್ಲೋ ಕಾಡಿನಲ್ಲೋ ಕೋವಿ ಬಿದ್ದಿರುವುದು ಕಂಡರೆ ಮನೆಗೆ ತರಬಹುದೇ?

ತರಬಾರದು. ಅದರಲ್ಲಿ ಮದ್ದು ತುಂಬಿರಬಹುದು, ಕೇಪು ಏರಿಸಿಟ್ಟಿರಬಹುದು. ಕದ್ದವನ ಬೆರಳಚ್ಚೂ ಅದರ ಮೇಲಿರಬಹುದು. ಒಬ್ಬರನ್ನು ದೂರದಲ್ಲಿ ಕಾವಲಿಗೆ ನಿಲ್ಲಿಸಿ ಠಾಣೆಗೆ ಕರೆ ಮಾಡಿ.

ಕೋವಿ ಸಿಕ್ಕಿದೆಯೆಂದು ಠಾಣೆಯಿಂದ ಕರೆ ಬಂದಿದೆ. ಹೋಗಿ ತರಬಹುದೇ?

ನೋಡಿ ಗುರುತಿಸಲು ಹೋಗಬಹುದು, ತರುವಂತಿಲ್ಲ. ಪೊಲೀಸರು ವಶಪಡಿಸಿಕೊಂಡ ವಸ್ತುವಿನ ವರದಿಯನ್ನು ನ್ಯಾಯಾಲಯಕ್ಕೆ ಕೊಡಬೇಕು. ಆ ಬಳಿಕ ಅದು ಯಾರ ಸುಪರ್ದಿಗೆ ಹೋಗಬೇಕೆಂದು ತೀರ್ಮಾನಿಸುವವರು ಮ್ಯಾಜಿಸ್ಟ್ರೇಟರು. ಠಾಣಾಧಿಕಾರಿ ಸಜ್ಜನರಾಗಿದ್ದರೂ ಅವರ ಕೈಯಲ್ಲಿ ಇದಿಲ್ಲವೆಂದು ತಿಳಿದಿದ್ದರೆ ಎಷ್ಟೋ ಮನಸ್ತಾಪ ತಪ್ಪುತ್ತದೆ.

ಮಾಡಬೇಕಾದುದು ಇಷ್ಟು. ವಿಚಾರಣೆ ಮುಗಿಯುವ ಮುನ್ನವೇ ವಸ್ತುವನ್ನು ಮಧ್ಯಂತರವಾಗಿ ಬಿಟ್ಟುಕೊಡುವಂತೆ ಸಂಹಿತೆಯ 497ನೆಯ ಕಲಮಿನಡಿ, ಅಥವಾ ಪೊಲೀಸರು ವಶಪಡಿಸಿಕೊಂಡರೂ ನ್ಯಾಯಾಲಯಕ್ಕೆ ಇನ್ನೂ ಹಾಜರುಪಡಿಸದ ಸಂದರ್ಭದಲ್ಲಿ 503ನೆಯ ಕಲಮಿನಡಿ, ವಕೀಲರ ಮೂಲಕ ಅರ್ಜಿ ಸಲ್ಲಿಸಬೇಕು. ಎಫ್‌ಐಆರ್, ಪರವಾನಗಿ, ಖರೀದಿಯ ರಶೀದಿ ಇದ್ದರೆ ಅದು, ಗುರುತಿನ ಚೀಟಿ ಇವನ್ನು ಲಗತ್ತಿಸಬೇಕು. ನ್ಯಾಯಾಲಯ ಪೊಲೀಸರ ಅಭಿಪ್ರಾಯ ಕೇಳಿ, ಕೋವಿಯ ಫೋಟೊ ಮತ್ತು ವಿವರಪಟ್ಟಿ ಮಾಡಿಸಿ, ಕರೆದಾಗ ಹಾಜರುಪಡಿಸುತ್ತೇನೆ, ಮಾರುವುದಿಲ್ಲ, ಬದಲಾಯಿಸುವುದಿಲ್ಲ ಎಂಬ ಬಾಂಡ್ ಬರೆಸಿಕೊಂಡು ಬಿಟ್ಟುಕೊಡಬಹುದು. ವಸ್ತುಗಳನ್ನು ಠಾಣೆಯಲ್ಲಿ ಬಹುಕಾಲ ಕೊಳೆಯಿಸಬಾರದೆಂದು ಸರ್ವೋಚ್ಚ ನ್ಯಾಯಾಲಯ 2002ರಲ್ಲಿ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಈಗಿನ 497ನೆಯ ಕಲಮು ವಿವರಪಟ್ಟಿಗೆ 14 ದಿನ, ಅದಾದ ಬಳಿಕ ವಿಲೇವಾರಿ ಆದೇಶಕ್ಕೆ 30 ದಿನಗಳ ಅವಧಿಯನ್ನು ನಮೂದಿಸಿದೆ. ಅರ್ಜಿಯಲ್ಲಿ ಇವನ್ನು ಉಲ್ಲೇಖಿಸುವಂತೆ ವಕೀಲರಿಗೆ ಹೇಳಬಹುದು.

ಆದರೆ ಮುಖ್ಯವಾದ ಒಂದು ಸಂಗತಿಯಿದೆ. ವಾಹನವನ್ನೋ ಆಭರಣವನ್ನೋ ಬಿಟ್ಟುಕೊಡಲು ಒಡೆತನ ಸಾಬೀತಾದರೆ ಸಾಕು. ಕೋವಿಯನ್ನು ಬಿಟ್ಟುಕೊಡಲು ಆ ದಿನ ಊರ್ಜಿತದಲ್ಲಿರುವ ಪರವಾನಗಿಯೂ ಬೇಕು. ಕೋವಿ ಕಳವಾಗಿದೆಯಲ್ಲ, ನವೀಕರಣ ಯಾಕೆ ಎಂದು ಬಿಟ್ಟವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಶಸ್ತ್ರಾಸ್ತ್ರ ಕಾಯಿದೆಯ 2019ರ ತಿದ್ದುಪಡಿಯ ಬಳಿಕ ಪರವಾನಗಿಯ ಅವಧಿ ಐದು ವರ್ಷ. ಕೋವಿ ಕೈಯಲ್ಲಿಲ್ಲದಿದ್ದರೂ ಅವಧಿ ಮುಗಿಯುವ ಮೊದಲೇ ಎಫ್‌ಐಆರ್ ಲಗತ್ತಿಸಿ ನವೀಕರಣಕ್ಕೆ ಅರ್ಜಿ ಹಾಕಿಡಿ.

ಸಿಕ್ಕಿದ ಕೋವಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದಾರೆ. ಎಷ್ಟು ಕಾಲ ಬೇಕು?

ಕೋವಿಯನ್ನು ಬೇರೊಂದು ಅಪರಾಧದಲ್ಲಿ ಬಳಸಿದ ಶಂಕೆಯಿದ್ದರೆ ಫೋರೆನ್ಸಿಕ್ ಪರೀಕ್ಷೆ ಮುಗಿಯುವವರೆಗೆ ಬಿಟ್ಟುಕೊಡುವುದಿಲ್ಲ, ಕೊಲೆ ಅಥವಾ ಗಾಯದ ಪ್ರಕರಣವಾದರೆ ವಿಚಾರಣೆ ಮುಗಿಯುವವರೆಗೂ ತಡೆಹಿಡಿಯಬಹುದು. ಅಲ್ಲಿ ತಾಳ್ಮೆಯ ಹೊರತು ದಾರಿಯಿಲ್ಲ. ಬರಿಯ ಕಳವಿನ ಪ್ರಕರಣವಾದರೆ ವರದಿ ಬಂದೊಡನೆ ಅರ್ಜಿ ಹಾಕಬಹುದು.

ಸಂಖ್ಯೆಯನ್ನು ಅಳಿಸಿಹಾಕಿದ್ದರೆ?

ಉಕ್ಕಿನಲ್ಲಿ ಒತ್ತಿದ ಅಂಕೆಯನ್ನು ಅರದಿಂದ ಉಜ್ಜಿದರೂ ಅಡಿಯ ಲೋಹದಲ್ಲಿ ಅದರ ಒತ್ತಡದ ಗುರುತು ಉಳಿದಿರುತ್ತದೆ. ಪ್ರಯೋಗಾಲಯದಲ್ಲಿ ಆಮ್ಲದ ದ್ರಾವಣ ಹಚ್ಚಿ ಅದನ್ನು ಮತ್ತೆ ಕಾಣುವಂತೆ ಮಾಡಲು ಹಲವು ಬಾರಿ ಸಾಧ್ಯವಾಗುತ್ತದೆ. ಅಂಕೆ ಅಳಿಸುವುದು ಶಸ್ತ್ರಾಸ್ತ್ರ ಕಾಯಿದೆಯ 8ನೆಯ ಕಲಮಿನಡಿ ನಿಷಿದ್ಧ, ಮತ್ತು ಅಂಥ ಕೋವಿ ಯಾರ ಬಳಿ ಸಿಗುತ್ತದೋ ಅವನೇ ಅಳಿಸಿದನೆಂದು, ಅವನು ಬೇರೆ ರೀತಿ ಸಾಬೀತುಪಡಿಸುವವರೆಗೆ, ಕಾನೂನು ಭಾವಿಸುತ್ತದೆ. ಕೋವಿಯ ಬಿರುಕು, ತಗಡು, ಬಾರುಗಳ ವಿವರ ಬರೆಸಿದವರಿಗೆ ಈ ಹಂತದಲ್ಲಿ ಅದರ ಪ್ರಯೋಜನ ಸಿಗುತ್ತದೆ.

ಕೋವಿ ಸುಳ್ಯದ ಕಡೆ ಸಿಕ್ಕಿದರೆ?

ಕರ್ನಾಟಕದ ಪೊಲೀಸರು ವಶಪಡಿಸಿಕೊಂಡು ಅಲ್ಲಿನ ನ್ಯಾಯಾಲಯಕ್ಕೆ ವರದಿ ಮಾಡುತ್ತಾರೆ. ಇಲ್ಲಿನ ತನಿಖಾಧಿಕಾರಿ ಆ ನ್ಯಾಯಾಲಯದಿಂದ ಅದನ್ನು ಈ ಪ್ರಕರಣಕ್ಕೆ ತರಿಸಿಕೊಳ್ಳಬಹುದು. ಅಲ್ಲಿ ಪ್ರತ್ಯೇಕ ಪ್ರಕರಣವಿದ್ದರೆ ನೀವು ಅಲ್ಲಿಯೇ ಅರ್ಜಿ ಹಾಕಬೇಕಾದೀತು. ಅಲ್ಲಿಂದ ಬಿಡುಗಡೆಯಾದರೆ ಹಾಗೆಯೇ ಬಸ್ಸಿನಲ್ಲಿ ಹೊತ್ತು ತರಬಾರದು. ಪರವಾನಗಿಯ ವ್ಯಾಪ್ತಿ ಜಿಲ್ಲೆಗೋ ಕೇರಳಕ್ಕೋ ಸೀಮಿತವಾಗಿದ್ದರೆ ಗಡಿಯಾಚೆ ಕೋವಿ ಹಿಡಿದಿರುವುದು ಪರವಾನಗಿಯ ಮೀರಿಕೆಯಾಗುತ್ತದೆ. ಮೊದಲೇ ಎಡಿಎಂ ಕಚೇರಿಯಲ್ಲಿ ಕೇಳಿ ಬರಹದ ಅನುಮತಿ ಪಡೆಯಿರಿ.

ಕದ್ದವನು ಅದರಿಂದ ಅಪರಾಧ ಮಾಡಿದರೆ ನಾನು ಹೊಣೆಯೇ?

ಕಳವನ್ನು ಒಡನೆಯೇ ತಿಳಿಸಿದ್ದರೆ ಕದ್ದವನ ಕೃತ್ಯಕ್ಕೆ ನೀವು ಆರೋಪಿಯಾಗುವುದಿಲ್ಲ, ಸಾಕ್ಷಿಯಾಗುತ್ತೀರಿ. ಕೋವಿಯನ್ನು ಭದ್ರವಾಗಿ ಇಡಲಿಲ್ಲ ಎಂಬುದು ಬೇರೆ ವಿಚಾರ. ಸುರಕ್ಷಿತವಾಗಿ ಇಡುವೆನೆಂದು ಅರ್ಜಿಯ ಸಮಯದಲ್ಲೇ ಮುಚ್ಚಳಿಕೆ ಕೊಟ್ಟಿರುತ್ತೀರಿ. ಬಾಗಿಲ ಹಿಂದೆ ಗೂಟಕ್ಕೆ ತೂಗುಹಾಕಿದ್ದಿರಾದರೆ ಪರವಾನಗಿ ಅಮಾನತು ಅಥವಾ ರದ್ದು ಮಾಡುವ ಅಧಿಕಾರ ಶಸ್ತ್ರಾಸ್ತ್ರ ಕಾಯಿದೆಯ 17ನೆಯ ಕಲಮಿನಲ್ಲಿದೆ, ಅದರ ವಿರುದ್ಧ ಮೇಲ್ಮನವಿಗೆ 18ನೆಯ ಕಲಮಿದೆ.

ಕೋವಿ ಮರಳಿ ಬಂದ ಮೇಲೆ?

ತಿಳಿದವರಿಂದ ಪರೀಕ್ಷಿಸದೆ ಗುಂಡು ಹಾರಿಸಬಾರದು. ಮಣ್ಣಿನಲ್ಲಿ ಹೂತಿಟ್ಟ ನಳಿಗೆಗೆ ತುಕ್ಕು ಹಿಡಿದು ಒಡೆಯುವ ಅಪಾಯವಿದೆ. ನಳಿಗೆಯನ್ನು ಕತ್ತರಿಸಿ ಗಿಡ್ಡ ಮಾಡಿದ್ದರೆ ಅದನ್ನು ಹಾಗೆಯೇ ಇಟ್ಟುಕೊಳ್ಳದೆ ಎಡಿಎಂ ಅವರ ಗಮನಕ್ಕೆ ತನ್ನಿ. ಬಿಡುಗಡೆಯ ಆದೇಶದ ಪ್ರತಿಯನ್ನು ಅದೇ ಕಚೇರಿಗೆ ಕೊಟ್ಟು ಕಡತದಲ್ಲಿ ದಾಖಲಿಸಿಕೊಳ್ಳುವಂತೆ ಕೇಳಬೇಕು. ಇಲ್ಲದಿದ್ದರೆ ಸರಕಾರದ ಲೆಕ್ಕದಲ್ಲಿ ನಿಮ್ಮ ಕೋವಿ ಇನ್ನೂ ಕಳವಾಗಿಯೇ ಉಳಿಯುತ್ತದೆ.

ಸಿಗದೇ ಹೋದರೆ ಇನ್ನೊಂದು ಕೋವಿ ಕೊಳ್ಳಬಹುದೇ?

ಪತ್ತೆಯಾಗದ ಪ್ರಕರಣವೆಂದು ಪೊಲೀಸರು ಅಂತಿಮ ವರದಿ ಸಲ್ಲಿಸಿದ ಬಳಿಕ ಅದರ ಪ್ರತಿಯೊಂದಿಗೆ ಪರವಾನಗಿ ಅಧಿಕಾರಿಗೆ ಅರ್ಜಿ ಹಾಕಿ, ಹಳೆಯದನ್ನು ಪರವಾನಗಿಯಿಂದ ತೆಗೆದು ಹೊಸದನ್ನು ಸೇರಿಸಲು ಕೇಳಬಹುದು. ಒಪ್ಪುವುದು ಅವರ ವಿವೇಚನೆಗೆ ಸೇರಿದ್ದು. ವರ್ಷಗಳ ಬಳಿಕ ಹಳೆಯ ಕೋವಿ ಸಿಕ್ಕಿದರೆ ಪ್ರಕರಣವನ್ನು ಮತ್ತೆ ತೆರೆಯಬಹುದು.

ಅಷ್ಟರವರೆಗೆ ಕಾಡುಹಂದಿ ಕಾಟಕ್ಕೆ ಭಾವನ ಕೋವಿಯನ್ನು ತಂದು ಬಳಸಬಹುದೇ?

ಬಳಸುವಂತಿಲ್ಲ. ಪರವಾನಗಿದಾರನ ಸಮ್ಮುಖದಲ್ಲಿ ಅಥವಾ ಅವನ ಬರಹದ ಅಧಿಕಾರದೊಂದಿಗೆ ದುರಸ್ತಿಗೆ, ನವೀಕರಣಕ್ಕೆ ಅಥವಾ ಅವನ ಸ್ವಂತ ಬಳಕೆಗೆಂದು ಇನ್ನೊಬ್ಬರು ಕೋವಿಯನ್ನು ಒಯ್ಯಲು ಮಾತ್ರ ಕಾನೂನು ಬಿಡುತ್ತದೆ. ನಿಮ್ಮ ತೋಟದಲ್ಲಿ ನೀವು ಗುಂಡು ಹಾರಿಸಲು ಬಿಡುವುದಿಲ್ಲ. ಇದಕ್ಕೆ ಬೇರೆ ದಾರಿಯಿದೆ. ಬೆಳೆ ಹಾಳುಮಾಡುವ ಕಾಡುಹಂದಿಯನ್ನು ಪರವಾನಗಿದಾರರಿಂದ ಕೊಲ್ಲಿಸಲು ಅನುಮತಿ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ನೀಡಿದೆ. ಪಂಚಾಯತು ಅಧ್ಯಕ್ಷರಿಗೆ ಕನ್ನಡದಲ್ಲೇ ಅರ್ಜಿ ಬರೆದು, ನಷ್ಟವಾದ ಗಿಡಗಳ ವಿವರ ಕೊಟ್ಟು, ಇದಕ್ಕೆಂದು ಇರುವ ಪಟ್ಟಿಯ ಪರವಾನಗಿದಾರರನ್ನು ಕಳುಹಿಸುವಂತೆ ಕೇಳಿಕೊಳ್ಳಿ. ಭಾವನವರ ಹೆಸರು ಆ ಪಟ್ಟಿಯಲ್ಲಿದ್ದರೆ ಅವರೇ ತಮ್ಮ ಕೋವಿಯೊಂದಿಗೆ ಬರಬಹುದು.